ಕಿಬ್ಲಾ ತೋರಿಸುವ ಫೋನು ನಮ್ಮನ್ನು ಯಾರಿಗೆ ತೋರಿಸುತ್ತದೆ?

ನಮ್ಮ ಮನೆಯ ಗೋಡೆಯ ಮೇಲೆ ಬಹಳ ವರ್ಷಗಳ ಕಾಲ ನಮಾಜಿನ ವೇಳಾಪಟ್ಟಿಯೊಂದು ತೂಗುತ್ತಿತ್ತು. ಊರಿನ ಮಸ್ಜಿದಿನವರು ಹಂಚಿದ್ದ ದಪ್ಪ ಕಾಗದ ಅದು. ಕೆಳಗಡೆ ಬಟ್ಟೆ ಅಂಗಡಿಯೊಂದರ ಜಾಹೀರಾತು. ಅಮ್ಮಿ ಅದನ್ನು ನೋಡಿ ಸಹರಿಗೆ ಒಲೆ ಹಚ್ಚುತ್ತಿದ್ದರು, ಅದನ್ನು ನೋಡಿಯೇ ಇಫ್ತಾರಿನ ತಟ್ಟೆ ಜೋಡಿಸುತ್ತಿದ್ದರು. ಆ ಕಾಗದಕ್ಕೆ ಅಮ್ಮಿ ಯಾರೆಂದು ಗೊತ್ತಿರಲಿಲ್ಲ. ಮನೆಯಲ್ಲಿ ಯಾರು ನಮಾಜು ಮಾಡಿದರು, ಯಾರು ಬಿಟ್ಟರು, ಯಾರು ಯಾವ ಊರಿಗೆ ಹೋಗಿ ಬಂದರು ಎಂಬ ವರದಿಯನ್ನು ಅದು ಬಟ್ಟೆ ಅಂಗಡಿಯವನಿಗೆ ಒಪ್ಪಿಸುತ್ತಿರಲಿಲ್ಲ.

ಈಗ ಆ ಕಾಗದದ ಜಾಗದಲ್ಲಿ ಒಂದು ಮೊಳೆ ಮಾತ್ರ ಉಳಿದಿದೆ. ಸೌದಿಯಲ್ಲಿರುವ ನಮ್ಮ ತಮ್ಮ ಅಮ್ಮಿಗೆ ಸ್ಮಾರ್ಟ್‌ಫೋನ್ ಕಳುಹಿಸಿದ. ಅದರಲ್ಲಿ ನಮಾಜಿನ ವೇಳೆ ಹೇಳುವ, ಕಿಬ್ಲಾ ತೋರಿಸುವ ಆ್ಯಪ್ ಒಂದನ್ನು ಮೊಮ್ಮಕ್ಕಳು ಹಾಕಿಕೊಟ್ಟರು. ಫಜರ್‌ಗೆ ಅಜಾನ್ ಕೇಳಿಸಿದಾಗ ಅಮ್ಮಿಗೆ ಹಿಗ್ಗು. ಆದರೆ ಫೋನಿನ ಬ್ಯಾಟರಿ ಅಸರ್ ಹೊತ್ತಿಗೇ ಖಾಲಿಯಾಗುತ್ತಿತ್ತು. ಏನಿದರ ರೋಗ ಎಂದು ನಾವು ಸೆಟ್ಟಿಂಗ್ಸ್ ತೆರೆದು ನೋಡಿದೆವು. ಕಳೆದ 24 ಗಂಟೆಗಳಲ್ಲಿ ಯಾವ ಆ್ಯಪ್ ಎಷ್ಟು ಹೊತ್ತಿಗೆ ಸ್ಥಳದ ಮಾಹಿತಿ ತೆಗೆದುಕೊಂಡಿತು ಎಂಬ ಪಟ್ಟಿ ಅಲ್ಲಿತ್ತು. ಇಶಾ ಮುಗಿಸಿ ಅಮ್ಮಿ ಮಲಗಿದ ಮೇಲೂ, ಪರದೆ ಕಪ್ಪಾಗಿ ಫೋನು ತಲೆದಿಂಬಿನ ಪಕ್ಕ ಸುಮ್ಮನೆ ಬಿದ್ದಿದ್ದಾಗಲೂ, ಆ ಆ್ಯಪ್ ಮತ್ತೆ ಮತ್ತೆ 'ಎಲ್ಲಿದ್ದೀರಿ?' ಎಂದು ಕೇಳಿತ್ತು. ಫೋನು ಮತ್ತೆ ಮತ್ತೆ ಉತ್ತರ ಕೊಟ್ಟಿತ್ತು.

ಅಮ್ಮಿಗೆ ಇದನ್ನು ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. "ಬೇಟಾ, ವೇಳೆ ಹೇಳೋದು ಇದರ ಕೆಲಸ. ನಾನು ಮಲಗಿದ ಮೇಲೂ ಎಲ್ಲಿದ್ದೀನಿ ಅಂತ ಇದಕ್ಯಾಕೆ ಬೇಕು?"

ಸರಳವಾದ ಪ್ರಶ್ನೆ. ಉತ್ತರ ನಮಗೆ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಂತೆ ಅದು ಸಾವಿರ ವರ್ಷಗಳ ಹಿಂದಕ್ಕೂ, ನಮ್ಮ ಕಾಲದ ಒಂದು ವಿಚಿತ್ರ ವ್ಯಾಪಾರದೊಳಕ್ಕೂ ನಮ್ಮನ್ನು ಕರೆದುಕೊಂಡು ಹೋಯಿತು. ಆ ಚರಿತ್ರೆಯನ್ನು ಓದುಗರ ಮುಂದಿಡುತ್ತಿದ್ದೇವೆ.

ನೆರಳಿನಿಂದ ಉಪಗ್ರಹದವರೆಗೆ

ಮೊದಲಿಗೆ ಒಂದು ನ್ಯಾಯ ಹೇಳಿಬಿಡೋಣ. ನಮಾಜಿನ ವೇಳೆ ಲೆಕ್ಕ ಹಾಕಲು ಸ್ಥಳ ಬೇಕೇ ಬೇಕು. ಐದು ಹೊತ್ತಿನ ನಮಾಜು ಸೂರ್ಯನ ನಡೆಗೆ ಕಟ್ಟಿಕೊಂಡಿದೆ. ನಸುಕಿನ ಬೆಳಕು, ನೆತ್ತಿ ದಾಟಿದ ಹೊತ್ತು, ನೆರಳಿನ ಉದ್ದ, ಮುಳುಗುವ ಗಳಿಗೆ, ಕೆಂಪು ಆರಿದ ಕತ್ತಲು, ಇವೆಲ್ಲ ಊರಿನಿಂದ ಊರಿಗೆ ಬೇರೆ. ಕೋಲಾರಕ್ಕೂ ಕಾರವಾರಕ್ಕೂ ರೇಖಾಂಶದಲ್ಲಿ ಸುಮಾರು 4 ಡಿಗ್ರಿ ಅಂತರವಿದೆ. ಒಂದು ಡಿಗ್ರಿಗೆ 4 ನಿಮಿಷ. ಕೋಲಾರದಲ್ಲಿ ಸೂರ್ಯ ನೆತ್ತಿಗೆ ಬಂದ ಸುಮಾರು 16 ನಿಮಿಷಗಳ ನಂತರ ಕಾರವಾರದಲ್ಲಿ ಬರುತ್ತಾನೆ. ಎರಡೂ ಊರಿನ ಗಡಿಯಾರಗಳು ಒಂದೇ ವೇಳೆ ತೋರಿಸುತ್ತವೆ, ಏಕೆಂದರೆ ದೇಶಕ್ಕೆಲ್ಲ ಒಂದೇ ಗಡಿಯಾರ. ಆದರೆ ನೆರಳು ಸರ್ಕಾರದ ಗಡಿಯಾರವನ್ನು ಕೇಳುವುದಿಲ್ಲ.

ಈ ಲೆಕ್ಕಕ್ಕಾಗಿ ಮುಸ್ಲಿಮ್ ವಿದ್ವಾಂಸರು ಪಟ್ಟ ಶ್ರಮ ವಿಜ್ಞಾನದ ಚರಿತ್ರೆಯ ಒಂದು ದೊಡ್ಡ ಅಧ್ಯಾಯ. 9ನೆಯ ಶತಮಾನದಲ್ಲಿ ಅಲ್ ಖ್ವಾರಿಜ್ಮಿ ಬಗ್ದಾದಿನ ಅಕ್ಷಾಂಶಕ್ಕೆ ಹೊಂದುವ ನಮಾಜಿನ ವೇಳೆಯ ಕೋಷ್ಟಕಗಳನ್ನು ಮಾಡಿದರು. ಇಂದು ಫೋನಿನ ಒಳಗೆ ಕೂತು ನಮ್ಮ ಆಸೆ, ಅಭ್ಯಾಸಗಳನ್ನೆಲ್ಲ ಅಳೆಯುವ 'ಅಲ್ಗಾರಿದಮ್' ಎಂಬ ಪದ ಹುಟ್ಟಿದ್ದು ಇವರ ಹೆಸರಿನಿಂದಲೇ. ಅಲ್ ಬಿರೂನಿ ಗಜ್ನಿಯಲ್ಲಿ ಕೂತು, ನಗರಗಳ ಸ್ಥಾನವನ್ನು ಕರಾರುವಾಕ್ಕಾಗಿ ಗುರುತಿಸುವ ಬಗೆಯ ಮೇಲೆ ಒಂದು ಗ್ರಂಥವನ್ನೇ ಬರೆದು 1025ರಲ್ಲಿ ಮುಗಿಸಿದರು. ಗಜ್ನಿಯಿಂದ ಕಿಬ್ಲಾ ಯಾವ ಕಡೆಗೆ ಎಂದು ಕಂಡುಕೊಳ್ಳುವುದು ಅದರ ಒಂದು ಗುರಿಯಾಗಿತ್ತು. 14ನೆಯ ಶತಮಾನದಲ್ಲಿ ದಮಾಸ್ಕಸ್ಸಿನ ಉಮಯ್ಯದ್ ಮಸ್ಜಿದಿನಲ್ಲಿ ವೇಳೆ ನೋಡುವುದಕ್ಕೆಂದೇ 'ಮುವಕ್ಕಿತ್' ಎಂಬ ಹುದ್ದೆಯಿತ್ತು. ಆ ಹುದ್ದೆಯಲ್ಲಿದ್ದ ಇಬ್ನ್ ಶಾತಿರ್ 1371ರಲ್ಲಿ ಅಲ್ಲಿನ ಮಿನಾರಿಗಾಗಿ ದೊಡ್ಡದೊಂದು ನೆರಳು ಗಡಿಯಾರ ಮಾಡಿದರು. ಅದೇ ನಗರದ ಅಲ್ ಖಲೀಲಿ, ಬೇರೆ ಬೇರೆ ಅಕ್ಷಾಂಶ ರೇಖಾಂಶಗಳಿಗೆ ಕಿಬ್ಲಾದ ದಿಕ್ಕನ್ನು ಲೆಕ್ಕ ಹಾಕಿ ಪಟ್ಟಿ ಮಾಡಿಟ್ಟರು.

ಇವರೆಲ್ಲ ಮಾಡಿದ್ದು ಆಕಾಶವನ್ನು ನೋಡಿ ತಾವು ನಿಂತ ನೆಲವನ್ನು ತಿಳಿದುಕೊಳ್ಳುವ ಕೆಲಸ. ತಿಳಿದುಕೊಂಡದ್ದನ್ನು ಕಾಗದದ ಮೇಲೆ ಬರೆದು ಊರಿಗೆ ಕೊಟ್ಟರು. ನಮ್ಮ ಗೋಡೆಯ ವೇಳಾಪಟ್ಟಿ ಆ ಪರಂಪರೆಯ ಬಡ ಮೊಮ್ಮಗ.

ಆಮೇಲೆ ಉಪಗ್ರಹಗಳು ಬಂದವು. ಅಮೆರಿಕದ ಸೇನೆ ತನ್ನ ಉಪಯೋಗಕ್ಕೆ ಕಟ್ಟಿದ ಜಿಪಿಎಸ್ ವ್ಯವಸ್ಥೆಯ ಮೊದಲ ಉಪಗ್ರಹ ಮೇಲೇರಿದ್ದು 1978ರಲ್ಲಿ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಸೇನೆ ಹೊಡೆದುರುಳಿಸಿತು. ಅದರ ನಂತರ, ಜಿಪಿಎಸ್ ಸಿದ್ಧವಾದ ಮೇಲೆ ನಾಗರಿಕರಿಗೂ ಸಿಗುತ್ತದೆ ಎಂದು ಅಧ್ಯಕ್ಷ ರೇಗನ್ ಸರ್ಕಾರ ಘೋಷಿಸಿತು. ಆದರೂ ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕು ಮಾಡಲಾಗುತ್ತಿತ್ತು. 2000ನೆಯ ಇಸವಿಯ ಮೇ ತಿಂಗಳಲ್ಲಿ ಆ ಮಸುಕನ್ನು ತೆಗೆದುಹಾಕಿದ ಮೇಲೆ ನಮ್ಮ ನಿಮ್ಮ ಕೈಯ ಯಂತ್ರಗಳೂ ಕೆಲವೇ ಮೀಟರುಗಳ ಅಂತರದಲ್ಲಿ ತಾವಿರುವ ಜಾಗವನ್ನು ಹೇಳಬಲ್ಲವಾದವು.

ಇಲ್ಲೊಂದು ಸಂಗತಿಯನ್ನು ಓದುಗರು ಗಮನಿಸಬೇಕು. ಉಪಗ್ರಹ ನಮ್ಮನ್ನು ನೋಡುತ್ತದೆ ಎಂಬುದು ಬಹಳ ಜನರ ತಪ್ಪು ತಿಳಿವಳಿಕೆ. ಜಿಪಿಎಸ್ ಉಪಗ್ರಹ ತಾನು ಎಲ್ಲಿದ್ದೇನೆ, ಈಗ ಗಂಟೆ ಎಷ್ಟು ಎಂದಷ್ಟೇ ಸಾರುತ್ತಿರುತ್ತದೆ. ನಾಲ್ಕು ಉಪಗ್ರಹಗಳ ಮಾತು ಕೇಳಿಸಿಕೊಂಡರೆ ಫೋನು ತನ್ನ ಜಾಗವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಕೇಳಿಸಿಕೊಂಡವರು ಯಾರು ಎಂಬುದು ಉಪಗ್ರಹಕ್ಕೆ ಗೊತ್ತಾಗುವುದಿಲ್ಲ. ಅಜಾನ್ ಹಾಗೆಯೇ ಅಲ್ಲವೇ? ಮಿನಾರು ಕೂಗುತ್ತದೆ. ಯಾರ ಕಿವಿಗೆ ಬಿತ್ತು, ಯಾರು ಎದ್ದು ಬಂದರು, ಯಾರು ಮಗ್ಗುಲು ಬದಲಿಸಿ ಮಲಗಿದರು ಎಂಬ ಪಟ್ಟಿ ಅದರ ಬಳಿ ಇಲ್ಲ.

ಹಾಗಾದರೆ ಅಮ್ಮಿಯ ಸ್ಥಳ ಹೊರಗೆ ಹೋದದ್ದು ಹೇಗೆ? ಆಕಾಶದಿಂದ ಬಂದ ಲೆಕ್ಕ ಫೋನಿನೊಳಗೇ ಮುಗಿಯುತ್ತದೆ. ಅದನ್ನು ಹೊರಗೆ ಒಯ್ಯುವುದು ಫೋನಿನಲ್ಲಿರುವ ಆ್ಯಪ್.

ಹಿನ್ನೆಲೆಯಲ್ಲಿ ನಡೆದ ವ್ಯಾಪಾರ

2008ರಲ್ಲಿ ಆ್ಯಪಲ್ ತನ್ನ ಆ್ಯಪ್ ಅಂಗಡಿ ತೆರೆಯಿತು, ಅದೇ ವರ್ಷ ಮೊದಲ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂತು. ಆ್ಯಪ್‌ಗಳ ಮಹಾಪೂರ ಶುರುವಾಯಿತು. ಹೆಚ್ಚಿನವು ಉಚಿತ. ಉಚಿತ ಎಂದರೆ ಖರ್ಚಿಲ್ಲ ಎಂದಲ್ಲ, ಖರ್ಚನ್ನು ಬೇರೆ ಯಾರೋ ಕೊಡುತ್ತಿದ್ದಾರೆ ಎಂದು. ಜಾಹೀರಾತಿನವರು ಒಬ್ಬ ಮನುಷ್ಯನನ್ನು ಆ್ಯಪ್‌ನಿಂದ ಆ್ಯಪ್‌ಗೆ ಗುರುತಿಸಲು ಅನುಕೂಲವಾಗಲೆಂದು ಪ್ರತಿ ಫೋನಿಗೂ ಒಂದು 'ಜಾಹೀರಾತು ಸಂಖ್ಯೆ' ಬಂತು. ಆ್ಯಪಲ್ 2012ರಲ್ಲಿ, ಗೂಗಲ್ 2013ರಲ್ಲಿ ಇದನ್ನು ತಂದವು. ಇದರಲ್ಲಿ ನಮ್ಮ ಹೆಸರಿಲ್ಲ, ಆದ್ದರಿಂದ ಭಯವಿಲ್ಲ ಎಂದು ಹೇಳಲಾಯಿತು. ಆದರೆ ಒಂದು ಸಂಖ್ಯೆ ಪ್ರತಿ ರಾತ್ರಿ ಒಂದೇ ಮನೆಯಲ್ಲಿ ಮಲಗುತ್ತದೆ, ಬೆಳಗ್ಗೆ ಒಂದೇ ಶಾಲೆಗೆ ಹೋಗುತ್ತದೆ, ಶುಕ್ರವಾರ ಮಧ್ಯಾಹ್ನ ಒಂದೇ ಮಸ್ಜಿದಿನಲ್ಲಿ ನಿಲ್ಲುತ್ತದೆ. ಅದು ಯಾರೆಂದು ಹೇಳಲು ಹೆಸರು ಬೇಕೇ? ನಮ್ಮ ಬೀದಿಯ ಹಾಲಿನವನೂ ಹೇಳುತ್ತಾನೆ.

ಇನ್ನೊಂದು ಕಡೆ, ಆ್ಯಪ್ ಮಾಡುವವರಿಗೆ ಸಿದ್ಧ ತಂತ್ರಾಂಶದ ತುಂಡುಗಳನ್ನು ಒದಗಿಸುವ ಕಂಪೆನಿಗಳು ಹುಟ್ಟಿಕೊಂಡವು. ಅವುಗಳಿಗೆ ಎಸ್‌ಡಿಕೆ ಎಂದು ಹೆಸರು. 'ನಿಮ್ಮ ಆ್ಯಪ್‌ನೊಳಗೆ ನಮ್ಮ ಈ ತುಂಡನ್ನು ಸೇರಿಸಿಕೊಳ್ಳಿ, ಬಳಕೆದಾರರ ತಲೆಗೆ ಇಷ್ಟು ಎಂದು ಹಣ ಕೊಡುತ್ತೇವೆ' ಎಂಬುದು ಕರಾರು. ಆ್ಯಪ್ ತೆರೆದಿರಲಿ ಮುಚ್ಚಿರಲಿ, ಆ ತುಂಡು ಹಿನ್ನೆಲೆಯಲ್ಲಿ ತನ್ನ ಪಾಡಿಗೆ ತಾನು ಸ್ಥಳವನ್ನು ಬರೆದು ಕಳುಹಿಸುತ್ತಿರುತ್ತದೆ. ಮನೆಗೆ ಬಂದ ಅತಿಥಿ ನಾವು ಕಂಡವರು. ಅವರ ಜೋಳಿಗೆಯಲ್ಲಿ ಕೂತು ಬಂದವನನ್ನು ನಾವು ಕಂಡಿರುವುದಿಲ್ಲ.

2020ರ ನವೆಂಬರ್‌ನಲ್ಲಿ ಅಮೆರಿಕದ 'ಮದರ್‌ಬೋರ್ಡ್' ಪತ್ರಿಕೆ ಪ್ರಕಟಿಸಿದ ವರದಿ ಜಗತ್ತಿನ ಮುಸ್ಲಿಮರನ್ನು ಬೆಚ್ಚಿಬೀಳಿಸಿತು. 'ಮುಸ್ಲಿಮ್ ಪ್ರೊ' ಎಂಬ, ಆಗಲೇ 9 ಕೋಟಿ 80 ಲಕ್ಷ ಬಾರಿ ಇಳಿಸಿಕೊಳ್ಳಲಾಗಿದ್ದ ನಮಾಜಿನ ಆ್ಯಪ್, ಬಳಕೆದಾರರ ಸ್ಥಳದ ಮಾಹಿತಿಯನ್ನು ಎಕ್ಸ್-ಮೋಡ್ ಎಂಬ ಕಂಪೆನಿಗೆ ಕಳುಹಿಸುತ್ತಿತ್ತು. ಎಕ್ಸ್-ಮೋಡ್‌ನ ಗಿರಾಕಿಗಳಲ್ಲಿ ಅಮೆರಿಕದ ರಕ್ಷಣಾ ಗುತ್ತಿಗೆದಾರರಿದ್ದರು, ಅವರ ಮೂಲಕ ಮಾಹಿತಿ ಸೇನೆಯವರೆಗೆ ತಲುಪುವ ದಾರಿಯಿತ್ತು. ಕುಡಿದ ಅಮಲಿನಲ್ಲಿ ಬೇಡದವರಿಗೆ ಫೋನ್ ಮಾಡದಂತೆ ತಡೆಯುವ 'ಡ್ರಂಕ್ ಮೋಡ್' ಎಂಬ ಆ್ಯಪ್‌ನಿಂದ ಹುಟ್ಟಿದ ಕಂಪೆನಿ ಈ ಎಕ್ಸ್-ಮೋಡ್. ಶರಾಬಿನ ಅಂಗಡಿಯಿಂದ ಹೊರಟವನು ಮಸ್ಜಿದಿನ ಚಪ್ಪಲಿ ಕಟ್ಟೆಯ ಬಳಿ ಲೆಕ್ಕ ಬರೆಯುತ್ತಾ ಕೂತಂತಾಯಿತು.

ಮುಸ್ಲಿಮ್ ಪ್ರೊ ತಾನು ನೇರವಾಗಿ ಸೇನೆಗೆ ಏನನ್ನೂ ಮಾರಿಲ್ಲವೆಂದು ಹೇಳಿ, ಎಕ್ಸ್-ಮೋಡ್ ಜೊತೆಗಿನ ಸಂಬಂಧವನ್ನು ಕಡಿದುಕೊಂಡಿತು. ಅದನ್ನೂ ಇಲ್ಲಿ ದಾಖಲಿಸುವುದು ನ್ಯಾಯ. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2021ರ ಜನವರಿಯಲ್ಲಿ 'ಸಲಾತ್ ಫಸ್ಟ್' ಎಂಬ ಇನ್ನೊಂದು ಆ್ಯಪ್ ಫ್ರಾನ್ಸಿನ ಪ್ರೆಡಿಸಿಯೊ ಎಂಬ ಕಂಪೆನಿಗೆ ಸ್ಥಳದ ಮಾಹಿತಿ ಕೊಡುತ್ತಿದ್ದದ್ದು ಬಯಲಾಯಿತು. 2022ರ ಏಪ್ರಿಲ್‌ನಲ್ಲಿ ಪನಾಮಾದಲ್ಲಿ ನೋಂದಾಯಿಸಿದ ಮತ್ತೊಂದು ಕಂಪೆನಿಯ ತಂತ್ರಾಂಶದ ತುಂಡು ಹಲವು ಆ್ಯಪ್‌ಗಳಲ್ಲಿ ಸಿಕ್ಕಿತು. ಅವುಗಳಲ್ಲಿ ಒಂದು ಕೋಟಿಗೂ ಹೆಚ್ಚು ಬಾರಿ ಇಳಿಸಿಕೊಂಡಿದ್ದ ಅಜಾನ್ ಆ್ಯಪ್ ಕೂಡ ಇತ್ತು. ಆ ಕಂಪೆನಿಗೆ ಅಮೆರಿಕದ ಭದ್ರತಾ ಗುತ್ತಿಗೆದಾರ ಸಂಸ್ಥೆಯೊಂದರ ನಂಟಿತ್ತೆಂದು 'ವಾಲ್ ಸ್ಟ್ರೀಟ್ ಜರ್ನಲ್' ವರದಿ ಮಾಡಿತು. ಗೂಗಲ್ ಆ ಆ್ಯಪ್‌ಗಳನ್ನು ತನ್ನ ಅಂಗಡಿಯಿಂದ ತೆಗೆದು, ಆ ತುಂಡನ್ನು ಕಿತ್ತುಹಾಕಿದರೆ ಮಾತ್ರ ಒಳಗೆ ಬಿಡುವುದಾಗಿ ಹೇಳಿತು.

ಇದು ಎಷ್ಟು ದೊಡ್ಡ ಬದಲಾವಣೆ ಎಂದು ತಿಳಿಯಲು ಸ್ವಲ್ಪ ಹಿಂದಿನದನ್ನು ನೆನೆಯಬೇಕು. 2001ರ ದಾಳಿಗಳ ನಂತರ ನ್ಯೂಯಾರ್ಕ್ ನಗರದ ಪೊಲೀಸರು ಒಂದು ಗುಪ್ತ ದಳ ಕಟ್ಟಿದ್ದರು. ಮುಸ್ಲಿಮರು ಎಲ್ಲಿ ಚಹಾ ಕುಡಿಯುತ್ತಾರೆ, ಎಲ್ಲಿ ಪುಸ್ತಕ ಕೊಳ್ಳುತ್ತಾರೆ, ಎಲ್ಲಿ ನಮಾಜು ಮಾಡುತ್ತಾರೆ ಎಂದು ಗುರುತು ಹಾಕಿಕೊಳ್ಳುವುದು ಅದರ ಕೆಲಸ. 2011ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಇದನ್ನು ಬಯಲಿಗೆಳೆಯಿತು, 2014ರಲ್ಲಿ ಆ ದಳವನ್ನು ವಿಸರ್ಜಿಸಲಾಯಿತು. ಆ ಕೆಲಸಕ್ಕೆ ಸಂಬಳದ ಮನುಷ್ಯರು ಬೇಕಿತ್ತು, ಅವರು ಚಹಾದಂಗಡಿಯಲ್ಲಿ ಗಂಟೆಗಟ್ಟಲೆ ಕೂರಬೇಕಿತ್ತು. ಮುಂದಿನ ದಶಕದಲ್ಲಿ ಅದೇ ಬಗೆಯ ಮಾಹಿತಿ ಮಾರುಕಟ್ಟೆಯಲ್ಲಿ ಸಗಟು ದರಕ್ಕೆ ಸಿಗತೊಡಗಿತು. ಅದನ್ನು ಹೊತ್ತು ತಿರುಗುವ ಸಾಧನಕ್ಕೆ ನಾವೇ ಹಣ ಕೊಟ್ಟಿದ್ದೆವು, ಚಾರ್ಜ್ ಕೂಡ ನಾವೇ ಮಾಡುತ್ತಿದ್ದೆವು.

ಕಾನೂನು ಏನು ಮಾಡುತ್ತಿತ್ತು ಎಂದು ಕೇಳಬಹುದು. 2018ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಮ್ ಕೋರ್ಟ್ ಕಾರ್ಪೆಂಟರ್ ಪ್ರಕರಣದಲ್ಲಿ, ಒಬ್ಬನ ಫೋನಿನ ಓಡಾಟದ ಹಳೆಯ ದಾಖಲೆಗಳನ್ನು ಮೊಬೈಲ್ ಕಂಪೆನಿಯಿಂದ ಪಡೆಯಲು ಸಾಮಾನ್ಯವಾಗಿ ನ್ಯಾಯಾಧೀಶರ ವಾರಂಟ್ ಬೇಕು ಎಂದು ಹೇಳಿತ್ತು. ಆದರೆ ಕೇಳಿ ಪಡೆಯುವುದಕ್ಕೆ ವಾರಂಟ್ ಬೇಕು, ಕೊಂಡುಕೊಳ್ಳುವುದಕ್ಕೆ ಯಾಕೆ ಬೇಕು ಎಂಬ ವಾದ ಹುಟ್ಟಿಕೊಂಡಿತು. ವಾರಂಟ್ ಇಲ್ಲದೆ ಇಂಥ ಮಾಹಿತಿ ಕೊಳ್ಳುತ್ತಿರುವುದನ್ನು ಅಲ್ಲಿನ ರಕ್ಷಣಾ ಗುಪ್ತಚರ ಸಂಸ್ಥೆ 2021ರ ಜನವರಿಯಲ್ಲಿ ಒಬ್ಬ ಸೆನೆಟರಿಗೆ ಬರೆದುಕೊಟ್ಟಿತು. ಎಕ್ಸ್-ಮೋಡ್ ಮುಂದೆ ಮಾಲೀಕರನ್ನೂ ಹೆಸರನ್ನೂ ಬದಲಿಸಿ ಔಟ್‌ಲಾಜಿಕ್ ಆಯಿತು. ಪೂಜಾ ಸ್ಥಳ, ಆಸ್ಪತ್ರೆಯಂಥ ಸೂಕ್ಷ್ಮ ಜಾಗಗಳ ಓಡಾಟವನ್ನು ಅದು ಮಾರಕೂಡದೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಟ್ಟುಪಾಡು ವಿಧಿಸಿದ್ದು 2024ರ ಜನವರಿಯಲ್ಲಿ.

ಇದು ಮುಸ್ಲಿಮರೊಬ್ಬರ ಕಷ್ಟ ಎಂದು ಯಾರೂ ತಿಳಿಯಬಾರದು. 2021ರ ಜುಲೈನಲ್ಲಿ ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರ ಸಂಘದ ಉನ್ನತ ಅಧಿಕಾರಿಯಾಗಿದ್ದ ಪಾದ್ರಿಯೊಬ್ಬರ ಖಾಸಗಿ ಓಡಾಟವನ್ನು, ಮಾರುಕಟ್ಟೆಯಲ್ಲಿ ಸಿಕ್ಕ ಇಂಥದೇ ಮಾಹಿತಿಯಿಂದ ಹೆಕ್ಕಿ ಒಂದು ಪ್ರಕಾಶನ ಬಹಿರಂಗಪಡಿಸಿತು. ಅವರು ಹುದ್ದೆ ಬಿಟ್ಟರು. ಕೊಳ್ಳುವ ಸೇನೆ ಕೂಡ ಪಾರಾಗಲಿಲ್ಲ. 2018ರ ಜನವರಿಯಲ್ಲಿ 'ಸ್ಟ್ರಾವಾ' ಎಂಬ ವ್ಯಾಯಾಮದ ಆ್ಯಪ್‌ನ ನಕ್ಷೆಯನ್ನು ನೋಡಿದವರಿಗೆ, ನಿರ್ಜನ ಪ್ರದೇಶಗಳಲ್ಲಿ ಬೆಳಗುವ ಗೆರೆಗಳು ಕಂಡವು. ಅವು ಸೈನಿಕರು ತಮ್ಮ ನೆಲೆಗಳ ಸುತ್ತ ಓಡಿದ ದಾರಿಗಳು. ಅದೇ ಆಗಸ್ಟ್‌ನಲ್ಲಿ ಪೆಂಟಗನ್, ಕಾರ್ಯಾಚರಣೆಯ ಪ್ರದೇಶಗಳಲ್ಲಿ ಸ್ಥಳ ಹೇಳುವ ಸೌಲಭ್ಯಗಳನ್ನು ಆರಿಸಿಡಬೇಕೆಂದು ತನ್ನವರಿಗೆ ಆಜ್ಞೆ ಮಾಡಿತು. ಜಗತ್ತಿನ ಅತಿ ಬಲಿಷ್ಠ ಸೇನೆ ತನ್ನ ಸೈನಿಕರಿಗೆ ಹೇಳಿದ ಬುದ್ಧಿಮಾತು ನಮ್ಮ ಅಮ್ಮಿಗೂ ಅನ್ವಯಿಸುತ್ತದೆ ಎಂದರೆ ಅತಿಶಯೋಕ್ತಿಯಾಗದು.

ಆರಿಸುವ ಗುಂಡಿಯ ಚರಿತ್ರೆ

ಈ ಗುಂಡಿಗಳು ಮೊದಲಿನಿಂದಲೂ ಇರಲಿಲ್ಲ. ಜನರು ಗದ್ದಲ ಮಾಡಿದಂತೆಲ್ಲ ಒಂದೊಂದಾಗಿ ಬಂದವು. 2011ರ ಏಪ್ರಿಲ್‌ನಲ್ಲಿ ಇಬ್ಬರು ಸಂಶೋಧಕರು, ಐಫೋನು ತಾನು ಸುತ್ತಿದ ಜಾಗಗಳ ತಿಂಗಳುಗಟ್ಟಲೆಯ ಜಾಡನ್ನು ಒಂದು ಕಡತದಲ್ಲಿ ಬೀಗವಿಲ್ಲದೆ ಇಟ್ಟುಕೊಂಡಿದೆ ಎಂದು ತೋರಿಸಿದರು. ಅದು ಸುತ್ತಲಿನ ಟವರು, ವೈಫೈಗಳ ಪಟ್ಟಿ ಎಂದು ಸಮಜಾಯಿಷಿ ಕೊಟ್ಟ ಆ್ಯಪಲ್, ಆ ಕಡತವನ್ನು ಚಿಕ್ಕದು ಮಾಡಿತು. ಆಂಡ್ರಾಯ್ಡ್‌ನಲ್ಲಿ 2015ರವರೆಗೆ ಆ್ಯಪ್ ಕೇಳಿದ್ದೆಲ್ಲವನ್ನೂ ಮೊದಲೇ ಒಪ್ಪಬೇಕಿತ್ತು, ಇಲ್ಲವೇ ಆ್ಯಪನ್ನೇ ಬಿಡಬೇಕಿತ್ತು. ಆ ವರ್ಷ ಬಂದ ಆರನೆಯ ಆವೃತ್ತಿ, ಒಂದೊಂದು ಅನುಮತಿಯನ್ನೂ ಬೇರೆ ಬೇರೆಯಾಗಿ ಕೊಡುವ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಹಕ್ಕು ಕೊಟ್ಟಿತು. 'ಬಳಸುವಾಗ ಮಾತ್ರ' ಎಂಬ ಆಯ್ಕೆ ಐಫೋನಿಗೆ 2014ರಲ್ಲಿ, ಆಂಡ್ರಾಯ್ಡ್‌ಗೆ 2019ರಲ್ಲಿ ಬಂತು. ನಿಖರವಾದ ಜಾಗದ ಬದಲು ಅಂದಾಜು ಪ್ರದೇಶವನ್ನಷ್ಟೇ ಹೇಳುವ ಆಯ್ಕೆ ಐಫೋನಿಗೆ 2020ರಲ್ಲಿ, ಆಂಡ್ರಾಯ್ಡ್‌ಗೆ 2021ರಲ್ಲಿ ಬಂತು.

ಗುಂಡಿ ಇದ್ದ ಮಾತ್ರಕ್ಕೆ ಅದು ಆರಿಸುತ್ತದೆ ಎಂದೂ ಹೇಳಲಾಗದು. ಗೂಗಲ್‌ನ 'ಲೊಕೇಶನ್ ಹಿಸ್ಟರಿ'ಯನ್ನು ಆರಿಸಿದ ಮೇಲೂ 'ವೆಬ್ ಅಂಡ್ ಆ್ಯಪ್ ಆ್ಯಕ್ಟಿವಿಟಿ' ಎಂಬ ಇನ್ನೊಂದು ಬಾಗಿಲಿನಿಂದ ಸ್ಥಳ ದಾಖಲಾಗುತ್ತಿದೆ ಎಂದು 2018ರ ಆಗಸ್ಟ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ತೋರಿಸಿತು. ಇದಕ್ಕಾಗಿ ಗೂಗಲ್ 2022ರ ನವೆಂಬರ್‌ನಲ್ಲಿ ಅಮೆರಿಕದ 40 ರಾಜ್ಯಗಳಿಗೆ 39 ಕೋಟಿ 15 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಮುಂದಿನ ಬಾಗಿಲಿಗೆ ಬೀಗ ಹಾಕಿದವರು ಹಿತ್ತಲ ಬಾಗಿಲನ್ನೂ ನೋಡಬೇಕೆಂಬುದು ಆ ಪ್ರಕರಣ ಕಲಿಸಿದ ಪಾಠ.

ಗೋಡೆ ಹಾರಿದ ಖಲೀಫ, ಕದ ತಟ್ಟಿದ ಕಾನ್‌ಸ್ಟೆಬಲ್

ಮದ್ರಸಾದಲ್ಲಿ ನಾವು ಕೇಳಿದ ಒಂದು ಪ್ರಸಿದ್ಧ ಕಥೆಯಿದೆ. ಖಲೀಫ ಉಮರ್ ರಾತ್ರಿ ಗಸ್ತಿನಲ್ಲಿದ್ದಾಗ ಒಂದು ಮನೆಯಿಂದ ಹಾಡು ಕೇಳಿಸಿತು. ಗೋಡೆ ಹತ್ತಿ ಒಳಗಿಳಿದು ನೋಡಿದರೆ ಅಲ್ಲೊಬ್ಬ ಶರಾಬಿನ ಜೊತೆ ಕೂತಿದ್ದ. ಸಿಕ್ಕಿಬಿದ್ದವನು ಅಂಜಲಿಲ್ಲ. ತನ್ನದು ಒಂದು ತಪ್ಪಾದರೆ ಖಲೀಫರದು ಮೂರು ಎಂದ. ಬೇಹು ನೋಡಿದ್ದು ಒಂದು, ಬಾಗಿಲು ಬಿಟ್ಟು ಗೋಡೆಯಿಂದ ಬಂದದ್ದು ಎರಡು, ಅನುಮತಿಯನ್ನೂ ಕೇಳದೆ ಸಲಾಮನ್ನೂ ಹೇಳದೆ ಒಳಹೊಕ್ಕದ್ದು ಮೂರು. ಖಲೀಫರು ತಲೆತಗ್ಗಿಸಿ ಹೊರಟುಹೋದರು. ಪರರ ಗುಟ್ಟು ಹುಡುಕುತ್ತಾ ಬೇಹು ನೋಡುವುದನ್ನು ಕುರ್‌ಆನಿನ ಹುಜುರಾತ್ ಅಧ್ಯಾಯದ 12ನೆಯ ಸೂಕ್ತ ನಿಷೇಧಿಸುತ್ತದೆ ಎಂಬುದನ್ನು ಕಲಿಸಲು ಉಸ್ತಾದರು ಈ ಕಥೆ ಹೇಳುತ್ತಿದ್ದರು. ಅಮ್ಮಿಯ ತಲೆದಿಂಬಿನ ಪಕ್ಕದಲ್ಲಿ ಆ ಆ್ಯಪ್ ಮಾಡಿದ್ದು ಈ ಮೂರನ್ನೇ ಅಲ್ಲವೇ ಎಂದು ಈಗ ಅನ್ನಿಸುತ್ತದೆ. ಅನುಮತಿ ಕೇಳಿತ್ತು ಎನ್ನುವಿರಾ? ವೇಳೆ ಹೇಳಲೆಂದು ಕೇಳಿತ್ತು. ಊಟಕ್ಕೆಂದು ಒಳಗೆ ಕರೆದವನು ಪೆಟ್ಟಿಗೆಗಳ ಮುಚ್ಚಳ ತೆಗೆಯಬಾರದು.

ನಮ್ಮ ದೇಶದ ನ್ಯಾಯಾಲಯಗಳೂ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದ್ದವು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನನ್ನು 1941ರಲ್ಲಿ ದರೋಡೆಯ ಪ್ರಕರಣದಲ್ಲಿ ಹಿಡಿದು, ಸಾಕ್ಷ್ಯವಿಲ್ಲದೆ ಬಿಟ್ಟಿದ್ದರು. ಆದರೂ ಪೊಲೀಸರು ಆತನ ಹೆಸರಿನಲ್ಲಿ ಕಡತ ತೆರೆದರು. ರಾತ್ರಿ ಬಂದು ಕದ ತಟ್ಟಿ ಎಬ್ಬಿಸುವುದು, ಎಲ್ಲಿಗೆ ಹೋದ, ಯಾವಾಗ ಬಂದ ಎಂದು ಬರೆದುಕೊಳ್ಳುವುದು ನಡೆಯಿತು. ಆತ ಸುಪ್ರೀಮ್ ಕೋರ್ಟಿಗೆ ಹೋದ. 1962ರ ಡಿಸೆಂಬರ್ 18ರಂದು ಬಂದ ತೀರ್ಪು ರಾತ್ರಿ ಭೇಟಿಗಳನ್ನು ರದ್ದುಮಾಡಿತು. ಆದರೆ ಓಡಾಟದ ಮೇಲೆ ಕಣ್ಣಿಡುವುದರಿಂದ ಮೂಲಭೂತ ಹಕ್ಕಿಗೆ ಧಕ್ಕೆಯಿಲ್ಲ ಎಂದು ಹೆಚ್ಚಿನ ನ್ಯಾಯಮೂರ್ತಿಗಳು ಹೇಳಿದರು. ನ್ಯಾಯಮೂರ್ತಿ ಸುಬ್ಬರಾವ್ ಇದನ್ನು ಒಪ್ಪಲಿಲ್ಲ. ಹಿಂದೆ ಬೀಳುವ ಕಣ್ಣಿನ ನಡುವೆ ನಡೆಯುವವನ ನಡಿಗೆ ಸ್ವತಂತ್ರವಾದದ್ದಲ್ಲ ಎಂಬುದು ಅವರ ಭಿನ್ನಮತದ ತಿರುಳು.

ಆ ಭಿನ್ನಮತ ಗೆಲ್ಲಲು 55 ವರ್ಷ ಬೇಕಾಯಿತು. ಗೆಲ್ಲಿಸಿದ ಪ್ರಕರಣಕ್ಕೆ ನಮ್ಮ ಕನ್ನಡ ನಾಡಿನ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದಾಗ ಅವರ ವಯಸ್ಸು 80 ದಾಟಿತ್ತು. ಅದರಿಂದ ಹೊಮ್ಮಿದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಉತ್ತರಿಸಿತು. ಖಾಸಗಿತನ ನಮ್ಮ ಮೂಲಭೂತ ಹಕ್ಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪಿನ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಜಾರಿ ಹಂತ ಹಂತವಾಗಿ. ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆದರೋ ಆ ಉದ್ದೇಶಕ್ಕೇ ಮಾಹಿತಿ ಬಳಸಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು ಎಂಬ ತತ್ವ ಅದರಲ್ಲಿದೆ. ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ಅವಕಾಶವೂ ಅದರಲ್ಲಿದೆ. ಎರಡನ್ನೂ ನಾವು ನೆನಪಿಡಬೇಕು.

ನಮ್ಮ ಕೈಯಲ್ಲಿರುವುದು

ಕಾನೂನು ಬರುವಾಗ ಬರಲಿ, ಗುಂಡಿ ನಮ್ಮ ಕೈಯಲ್ಲೇ ಇದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಲೊಕೇಶನ್' ತೆರೆದರೆ ಆ್ಯಪ್‌ಗಳ ಅನುಮತಿಯ ಪಟ್ಟಿ ಸಿಗುತ್ತದೆ. ಐಫೋನಿನಲ್ಲಿ 'ಪ್ರೈವೆಸಿ ಅಂಡ್ ಸೆಕ್ಯುರಿಟಿ'ಯ ಒಳಗೆ 'ಲೊಕೇಶನ್ ಸರ್ವಿಸಸ್'. ಎಲ್ಲ ವೇಳೆಯೂ ಅನುಮತಿ ಪಡೆದಿರುವ ಆ್ಯಪ್‌ಗಳು ಯಾವುವು ಎಂದು ಮೊದಲು ನೋಡಬೇಕು. ಹಿನ್ನೆಲೆಯಲ್ಲಿ ಜಾಡು ಹಿಡಿಯುವವರು ಅಲ್ಲಿರುತ್ತಾರೆ. ದಾರಿ ತೋರಿಸುವ ನಕ್ಷೆಗೆ, ಆಟೋ ಕರೆಯುವ ಆ್ಯಪ್‌ಗೆ 'ಬಳಸುವಾಗ ಮಾತ್ರ' ಎಂದರೆ ಸಾಕು. ಹವಾಮಾನ ಹೇಳುವವನಿಗೆ ಅಂದಾಜು ಪ್ರದೇಶ ಸಾಕು, 'ಪ್ರಿಸೈಸ್ ಲೊಕೇಶನ್' ಎಂಬುದನ್ನು ಆರಿಸಬಹುದು. ಟಾರ್ಚು, ಆಟ, ಕ್ಯಾಲ್ಕುಲೇಟರುಗಳಿಗೆ ಏನೂ ಬೇಕಿಲ್ಲ. ಆಂಡ್ರಾಯ್ಡ್‌ನ ಲೊಕೇಶನ್ ಪುಟದೊಳಗೇ ವೈಫೈ ಮತ್ತು ಬ್ಲೂಟೂತ್ ಸ್ಕ್ಯಾನಿಂಗ್ ಎಂಬ ಎರಡು ಗುಂಡಿಗಳಿರುತ್ತವೆ. ವೈಫೈ ಆರಿಸಿದ್ದರೂ ಸುತ್ತಲಿನ ಯಂತ್ರಗಳನ್ನು ಮೂಸಿ ನೋಡುವ ಕೆಲಸ ಅವುಗಳದು, ಬೇಡವಾದರೆ ಆರಿಸಿ. ಜಾಹೀರಾತು ಸಂಖ್ಯೆಯನ್ನು ಆಂಡ್ರಾಯ್ಡ್‌ನ ಪ್ರೈವೆಸಿ ಪುಟದ 'ಆ್ಯಡ್ಸ್' ವಿಭಾಗದಲ್ಲಿ ಅಳಿಸಿಹಾಕಬಹುದು. ಐಫೋನಿನಲ್ಲಿ 'ಟ್ರ್ಯಾಕಿಂಗ್' ಎಂಬ ಪುಟದಲ್ಲಿ, ಜಾಡು ಹಿಡಿಯಲು ಕೇಳುವುದನ್ನೇ ನಿಲ್ಲಿಸಬಹುದು. ಗೂಗಲ್ ಖಾತೆಯ 'ಟೈಮ್‌ಲೈನ್' ಮತ್ತು 'ವೆಬ್ ಅಂಡ್ ಆ್ಯಪ್ ಆ್ಯಕ್ಟಿವಿಟಿ' ಎರಡನ್ನೂ ನೋಡುವುದು ಮರೆಯಬಾರದು.

ಎಲ್ಲವನ್ನೂ ಕಣ್ಣುಮುಚ್ಚಿ ಆರಿಸಿ ಎಂದು ನಾವು ಹೇಳುವುದಿಲ್ಲ. ಕಳೆದ ಫೋನನ್ನು ಹುಡುಕುವ ಸೌಲಭ್ಯ, ಆಪತ್ಕಾಲದ ಕರೆಯಲ್ಲಿ ಸ್ಥಳ ತಿಳಿಸುವ ಸೌಲಭ್ಯ ಜೀವ ಉಳಿಸಬಲ್ಲವು, ಅವು ಇರಲಿ. ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ಫೋನು ಚಾಲೂ ಇದ್ದು ಟವರಿನ ಜೊತೆ ಮಾತಾಡುತ್ತಿರುವವರೆಗೆ ಯಾವ ಪ್ರದೇಶದಲ್ಲಿದೆ ಎಂಬುದು ಮೊಬೈಲ್ ಕಂಪೆನಿಗೆ ತಿಳಿದೇ ಇರುತ್ತದೆ. ಅದನ್ನು ಯಾವ ಗುಂಡಿಯೂ ಆರಿಸದು. ಅಲ್ಲಿ ನಮ್ಮನ್ನು ಕಾಯಬೇಕಾದದ್ದು ಕಾನೂನು ಮತ್ತು ನ್ಯಾಯಾಲಯ.

ಇನ್ನು ಅಮ್ಮಿಯ ಪ್ರಶ್ನೆಗೆ ಬರೋಣ. ವೇಳೆ ಹೇಳಲು ಎಷ್ಟು ಸ್ಥಳ ಬೇಕು? ನಮ್ಮ ಅಕ್ಷಾಂಶದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ 20 ಕಿಲೋಮೀಟರ್ ನಡೆದರೆ ಸೂರ್ಯನ ಲೆಕ್ಕದಲ್ಲಿ ಆಗುವ ವ್ಯತ್ಯಾಸ ಮುಕ್ಕಾಲು ನಿಮಿಷ. ಬೆಂಗಳೂರಿನಿಂದ ಕಿಬ್ಲಾ ನೇರ ಪಶ್ಚಿಮದಿಂದ ಉತ್ತರಕ್ಕೆ ಸುಮಾರು 18 ಡಿಗ್ರಿ. ನಗರದ ಯಾವ ಮೂಲೆಯಲ್ಲಿ ನಿಂತರೂ ಅದು ಕಣ್ಣಿಗೆ ಕಾಣುವಷ್ಟು ಬದಲಾಗದು. ಅಂದರೆ ಆ್ಯಪ್‌ಗೆ ಬೇಕಾದದ್ದು ಊರಿನ ಹೆಸರು, ಅದೂ ಒಂದು ಸಲ. ಅಮ್ಮಿ ಯಾವ ಓಣಿಯ ಯಾವ ಮನೆಯಲ್ಲಿ ಮಲಗಿದ್ದಾರೆ, ಗುರುವಾರ ಯಾವ ದವಾಖಾನೆಗೆ ಹೋದರು ಎಂಬುದಕ್ಕೂ ಸೂರ್ಯನಿಗೂ ಯಾವ ಸಂಬಂಧವೂ ಇಲ್ಲ.

ಅಮ್ಮಿಯ ಫೋನಿನಲ್ಲಿ ನಾವು ಆ ಅನುಮತಿಯನ್ನು ಪೂರ್ತಿಯಾಗಿ ಕಿತ್ತುಹಾಕಿ, ಊರಿನ ಹೆಸರನ್ನು ಕೈಯಿಂದ ಬರೆದೆವು. ಮಗ್ರಿಬ್‌ನ ವೇಳೆ ಮೊದಲಿನಂತೆ ಅದೇ ನಿಮಿಷಕ್ಕೆ ಬಂತು. ಬ್ಯಾಟರಿ ಇಶಾ ದಾಟಿಯೂ ಉಳಿಯಿತು. ಅಮ್ಮಿ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, "ನಿನ್ನದರಲ್ಲಿ ನೋಡಿದ್ದೀಯಾ?" ಎಂದರು.

ನಾವು ನೋಡಿರಲಿಲ್ಲ. ಅಲ್ಲೇ ಕೂತು ತೆರೆದೆವು. 'ಎಲ್ಲ ವೇಳೆಯೂ' ಎಂಬ ಪಟ್ಟಿಯಲ್ಲಿ ಏಳು ಆ್ಯಪ್‌ಗಳಿದ್ದವು. ಅದರಲ್ಲೊಂದು, ಎರಡು ವರ್ಷಗಳ ಹಿಂದೆ ಪರವೂರಿನಲ್ಲಿ ಒಂದೇ ಒಂದು ಸಲ ಬಿರಿಯಾನಿ ತರಿಸಿಕೊಂಡದ್ದು.